ಹೆದರಿಕೆ ಬಂದಾಗ ಯಾರನ್ನು ಕರೆಯೋಣ?

ಮಕ್ಕಳೇ, ನಿಮಗೆ ಯಾವುದಕ್ಕೆ ಹೆದರಿಕೆ? ಕತ್ತಲೆಗಾ? ಗುಡುಗಿಗಾ? ಗಣಿತದ ಪರೀಕ್ಷೆಗಾ? ಅಥವಾ ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ದಿನಾ ಗೋಳು ಹೊಯ್ದುಕೊಳ್ಳುವ ದೊಡ್ಡ ಹುಡುಗನಿಗಾ? ತರಗತಿಯಲ್ಲಿ ಕೇಳಿದರೆ "ನಂಗೇನೂ ಹೆದರಿಕೆ ಇಲ್ಲ ಟೀಚರ್" ಅಂತ ಎಲ್ಲರೂ ಹೇಳ್ತೀರಿ. ಇರಲಿ, ಇಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ಮುಂದೆ ಓದಿ.

ಪೋರಬಂದರಿನಲ್ಲಿ ಮೋಹನದಾಸ ಎಂಬ ಹುಡುಗನಿದ್ದ. ಅವನಿಗೆ ಭೂತದ ಭಯ, ಕಳ್ಳರ ಭಯ, ಹಾವಿನ ಭಯ. ಅವರ ಮನೆಯಲ್ಲಿ ಕೆಲಸಕ್ಕಿದ್ದ ರಂಭಾ ಎಂಬ ಹೆಂಗಸು "ಹೆದರಿಕೆ ಆದಾಗ ರಾಮನ ಹೆಸರು ಹೇಳು" ಅಂತ ಹೇಳಿಕೊಟ್ಟಳು. ಆ ಹುಡುಗನೇ ನಮ್ಮ ಗಾಂಧೀಜಿ. ತಮ್ಮ ಆತ್ಮಕಥೆಯಲ್ಲಿ ಅವರು ಒಂದು ಮಾತನ್ನು ಮುಚ್ಚಿಡದೆ ಬರೆದಿದ್ದಾರೆ: ಆಗ ಅವರಿಗೆ ಆ ಮಂತ್ರಕ್ಕಿಂತ ರಂಭಾಳ ಮೇಲೇ ಹೆಚ್ಚು ನಂಬಿಕೆ ಇತ್ತಂತೆ! ನನಗೆ ಈ ಮಾತು ಬಹಳ ಇಷ್ಟ. ದೇವರ ಮೇಲಿನ ನಂಬಿಕೆ ಎಷ್ಟೋ ಸಲ ಶುರುವಾಗುವುದು ಹೀಗೇ, ಪಕ್ಕದಲ್ಲಿ ಕೂತು ಹೇಳಿಕೊಟ್ಟವರ ಮೇಲಿನ ನಂಬಿಕೆಯಿಂದ.

ಈಗ ನಮ್ಮ ಕನ್ನಡನಾಡಿಗೆ ಬರೋಣ, ಅದೂ 12ನೇ ಶತಮಾನಕ್ಕೆ. ಇಂದಿನ ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲೂಕಿನ ಉಡುತಡಿ. ಅಲ್ಲಿ ಮಹಾದೇವಿ ಎಂಬ ಹುಡುಗಿ. ಚಿಕ್ಕಂದಿನಿಂದ ಅವಳಿಗೆ ಶಿವನೇ ಎಲ್ಲ. ಅವನನ್ನು ಚೆನ್ನಮಲ್ಲಿಕಾರ್ಜುನ ಎಂದು ಕರೆಯುತ್ತಿದ್ದಳು. ಆ ನಾಡಿನ ರಾಜ ಕೌಶಿಕ ಅವಳನ್ನು ನೋಡಿ, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದ. ರಾಜನಿಗೆ 'ಇಲ್ಲ' ಅನ್ನುವುದು ಅಂದ್ರೆ ಏನು ಗೊತ್ತಾ? ಅಪ್ಪ ಅಮ್ಮನಿಗೂ ಅಪಾಯ. ಇದು ಕತ್ತಲೆಯ ಗುಮ್ಮನ ಭಯ ಅಲ್ಲ, ಎದುರಿಗೆ ಬಂದು ನಿಂತ ನಿಜವಾದ ಬೆದರಿಕೆ. ಹರಿಹರ ಕವಿಯ ರಗಳೆಯ ಪ್ರಕಾರ ಅವಳು ಷರತ್ತುಗಳನ್ನು ಹಾಕಿ ಮದುವೆಗೆ ಒಪ್ಪಿದಳು. ರಾಜ ಅವನ್ನು ಮುರಿದಾಗ ಅರಮನೆಯನ್ನೇ ಬಿಟ್ಟು ಹೊರಟಳು. ಮದುವೆಯೇ ಆಗಲಿಲ್ಲ ಎನ್ನುವವರೂ ಇದ್ದಾರೆ. ಹೊರಟಳು ಎನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಎಲ್ಲಿಗೆ? ಬಸವಣ್ಣ, ಅಲ್ಲಮಪ್ರಭುಗಳಿದ್ದ ಕಲ್ಯಾಣಕ್ಕೆ, ಅಂದ್ರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ 400 ಕಿಲೋಮೀಟರಿಗಿಂತ ಹೆಚ್ಚು. ದುಬೈನಿಂದ ಅಬುಧಾಬಿ ಸುಮಾರು 140 ಕಿಲೋಮೀಟರ್. ಅಂಥ ಮೂರು ಪ್ರಯಾಣ, ಅದೂ ಕಾಡು ಗುಡ್ಡ ದಾಟಿ, ಒಬ್ಬಳೇ. ಶೇಖ್ ಝಾಯೆದ್ ರಸ್ತೆಯಲ್ಲಿ ಏಸಿ ಕಾರಿನಲ್ಲಿ ಕೂತು "ಇನ್ನೂ ಎಷ್ಟು ದೂರ?" ಅಂತ ಕೇಳುವ ನಮಗೆ ಇದನ್ನು ಊಹಿಸುವುದೂ ಕಷ್ಟ.

ಅವಳು ಹೇಗೆ ಪ್ರಾರ್ಥಿಸಿದಳು ನೋಡಿ. ಅವಳ ವಚನಗಳೇ ಅವಳ ಪ್ರಾರ್ಥನೆ. ಒಂದು ವಚನದಲ್ಲಿ ಊಟ ಎಲ್ಲಿ ಸಿಗುತ್ತದೆ, ನೀರು ಎಲ್ಲಿ, ರಾತ್ರಿ ಮಲಗಲು ಜಾಗ ಎಲ್ಲಿ ಎಂದು ಒಂದೊಂದಾಗಿ ಲೆಕ್ಕ ಹಾಕುತ್ತಾಳೆ. ಕೊನೆಗೆ, ಜೊತೆಗೆ ಯಾರು ಎಂಬಲ್ಲಿ ಮಾತ್ರ ದೇವರ ಹೆಸರು ಹೇಳುತ್ತಾಳೆ. "ಕಾಡುಮೃಗಗಳನ್ನೆಲ್ಲ ಮಾಯ ಮಾಡು" ಎಂದು ಬೇಡಲಿಲ್ಲ, ದಾರಿಯ ಯೋಚನೆಯನ್ನು ದೇವರ ಮೇಲೆ ಹಾಕಿ ಸುಮ್ಮನೆ ಕೂರಲೂ ಇಲ್ಲ. ಯೋಚನೆ ಅವಳದು, ಜೊತೆ ದೇವರದು. ಕಲ್ಯಾಣ ತಲುಪಿದ ಮೇಲೂ ಅಲ್ಲಮಪ್ರಭುಗಳು ಗಟ್ಟಿ ಪ್ರಶ್ನೆಗಳನ್ನೇ ಕೇಳಿದರು. ಅವಳು ಅಳುಕದೆ ಉತ್ತರ ಕೊಟ್ಟಳು. ಶರಣರು ಅವಳನ್ನು 'ಅಕ್ಕ' ಎಂದು ಕರೆದರು. ನಾವೂ ಇವತ್ತಿಗೂ ಹಾಗೇ ಕರೆಯುತ್ತೇವೆ.

ನಮ್ಮ ಊರಿನದೇ ಒಂದು ದಿನ ನೆನಪಿಸಿಕೊಳ್ಳಿ: 2024ರ ಏಪ್ರಿಲ್ 16. ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದೇ ದಿನದೊಳಗೆ 254 ಮಿಲಿಮೀಟರ್ ಮಳೆ. ಈ ದೇಶದಲ್ಲಿ ಮಳೆಯ ಲೆಕ್ಕ ಇಡಲು ಶುರುಮಾಡಿದ 75 ವರ್ಷಗಳಲ್ಲಿ ಅಂಥ ಮಳೆ ಬಿದ್ದಿರಲಿಲ್ಲ. ರಸ್ತೆಗಳೆಲ್ಲ ಹೊಳೆ. ಆಫೀಸಿಗೆ ಹೋದ ಅಪ್ಪನೋ ಅಮ್ಮನೋ ಮನೆಗೆ ಬರುವವರೆಗೆ ಎಷ್ಟು ಮನೆಗಳಲ್ಲಿ ದೀಪ ಹಚ್ಚಿದರು, ಎಷ್ಟು ಮನೆಗಳಲ್ಲಿ ದುಆ ಮಾಡಿದರು, ಎಷ್ಟು ಮನೆಗಳಲ್ಲಿ ಜಪಮಾಲೆ ಹಿಡಿದರು! ಪ್ರಾರ್ಥಿಸಿದ ಕೂಡಲೇ ನೀರು ಇಳಿಯಲಿಲ್ಲ. ಆದರೆ ಕಾಯುವುದಕ್ಕೆ ಒಂದು ಧೈರ್ಯ ಬಂತು. ಧೈರ್ಯ ಬಂದವರು ಪಕ್ಕದ ಫ್ಲ್ಯಾಟಿನವರ ಬಾಗಿಲು ತಟ್ಟಿ "ಕುಡಿಯೋಕೆ ನೀರಿದೆಯಾ?" ಅಂತ ಕೇಳಿದರು.

ಅಂದಹಾಗೆ, 'ಅಭಯ' ಎಂಬ ಪದ ಗೊತ್ತಲ್ಲ? ಭಯಕ್ಕೆ 'ಅ' ಸೇರಿದರೆ ಅಭಯ, ಅಂದರೆ ಹೆದರಿಕೆ ಇಲ್ಲದಿರುವುದು. ಜೆಬೆಲ್ ಅಲಿಯ ದೇವಸ್ಥಾನಕ್ಕೋ ಅಬುಧಾಬಿಯ ಮಂದಿರಕ್ಕೋ ಹೋದಾಗ, ಅಂಗೈ ತೋರಿಸಿ ಕೈ ಎತ್ತಿದ ಮೂರ್ತಿಗಳಿವೆಯಾ ಎಂದು ಹುಡುಕಿ. ಅದು ಅಭಯಹಸ್ತ, 'ಹೆದರಬೇಡ' ಎನ್ನುವ ಕೈ. ಅಪ್ಪ ಅಮ್ಮಂದಿರಿಗೂ ಇಲ್ಲಿ ಒಂದು ಮಾತು: ಊಟ ಬಿಟ್ಟದ್ದಕ್ಕೆ, ಹೋಮ್‌ವರ್ಕ್ ಮಾಡದ್ದಕ್ಕೆ "ದೇವರು ಶಿಕ್ಷೆ ಕೊಡ್ತಾನೆ ನೋಡು" ಅಂತ ಹೆದರಿಸಬೇಡಿ. ದೇವರನ್ನೇ ಗುಮ್ಮ ಮಾಡಿಬಿಟ್ಟರೆ, ನಿಜವಾಗಿ ಹೆದರಿಕೆಯಾದ ದಿನ ಮಗು ಯಾರನ್ನು ಕರೆಯಬೇಕು?

ಮಕ್ಕಳೇ, ಯಾರಾದರೂ ನಿಮ್ಮನ್ನು ಹೊಡೀತೀನಿ ಅಂತ ಹೆದರಿಸಿದರೆ, ಆನ್‌ಲೈನ್ ಗೇಮಿನಲ್ಲಿ ಗುರುತಿಲ್ಲದವರು ಫೋಟೋ ಕಳಿಸು ಅಂದರೆ, "ಮನೇಲಿ ಹೇಳಿದ್ರೆ ನೋಡು" ಅಂದರೆ, ಮೊದಲು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ನಿಮ್ಮ ದೇವರ ಹೆಸರು ಹೇಳಿ. ಎದೆಬಡಿತ ಸ್ವಲ್ಪ ಇಳಿಯಲಿ. ಆಮೇಲೆ ಅಕ್ಕನ ಹಾಗೆ ಲೆಕ್ಕ ಹಾಕಿ: ಯಾರಿಗೆ ಹೇಳಬೇಕು? ಅಮ್ಮನಿಗಾ, ಅಪ್ಪನಿಗಾ, ಟೀಚರಿಗಾ? ಅವತ್ತೇ ಹೇಳಿಬಿಡಿ. ಇಲ್ಲಿ ಮಕ್ಕಳ ರಕ್ಷಣೆಗೆಂದೇ 116111 ಸಹಾಯವಾಣಿ ಇದೆ, ತುರ್ತಿಗೆ ಪೊಲೀಸರ 999 ಇದೆ. ಎರಡನ್ನೂ ಬಾಯಿಪಾಠ ಮಾಡಿಕೊಳ್ಳಿ.

ಮುಂದಿನ ವಾರಕ್ಕೆ ಮನೆಗೆಲಸ: ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಫೋನ್ ಮಾಡಿ, "ಚಿಕ್ಕವರಿದ್ದಾಗ ಹೆದರಿಕೆಯಾದ್ರೆ ನೀವು ಯಾರ ಹೆಸರು ಹೇಳ್ತಿದ್ರಿ? ಅದನ್ನ ಹೇಳಿಕೊಟ್ಟವರು ಯಾರು?" ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಐದಾರು ಸಾಲು ಕನ್ನಡದಲ್ಲಿ ಬರೆದುಕೊಂಡು ಬನ್ನಿ.