ಅಂಗಡಿ ಬಾಗಿಲು ತೆರೆಯುವ ಮುಂಚೆ

ಮಗಾ, ಮಿಕ್ಸಿ, ಗ್ರೈಂಡರ್, ಫ್ರಿಜ್ ರಿಪೇರಿ ಅಂಗಡಿ ಇಡಬೇಕೆಂದು ನೀನು ಬರೆದ ಖರ್ಚಿನ ಪಟ್ಟಿ ಓದಿದೆ. ಮಳಿಗೆಯ ಅಡ್ವಾನ್ಸು, ಬೋರ್ಡು, ಗಾಜಿನ ಕೌಂಟರು, ಟೂಲ್ಸು, ಪೂಜೆಯ ಖರ್ಚು, ಎಲ್ಲ ಇದೆ. ಅಂಗಡಿಯನ್ನು ಮುಳುಗಿಸುವ ಖರ್ಚನ್ನೇ ಬಿಟ್ಟಿದ್ದೀಯ. ಉದ್ರಿ.

ನಮ್ಮ ಬಂಡೂರಿನ ಸುತ್ತ ಸಂಬಳದವರು ಎಷ್ಟು ಮನೆ? ಕಾರ್ಖಾನೆಯವರು ಕಬ್ಬಿನ ಬಿಲ್ಲು ಕೊಟ್ಟಾಗ, ರೇಷ್ಮೆಗೂಡು ರಾಮನಗರದಲ್ಲಿ ಹರಾಜಾದಾಗ, ಡೇರಿಯಲ್ಲಿ ಹಾಲಿನ ಬಟವಾಡೆ ಆದಾಗ ಜನರ ಕೈಯಲ್ಲಿ ಕಾಸು ಓಡಾಡುತ್ತದೆ. ಮಿಕ್ಸಿ ಆ ದಿನ ನೋಡಿಕೊಂಡು ಸುಡುವುದಿಲ್ಲ. ‘ಕಬ್ಬಿನ ದುಡ್ಡು ಬರಲಿ, ಕೊಡ್ತೀನಿ ಕಣಪ್ಪ’ ಅನ್ನುವವರು ಮೋಸಗಾರರಲ್ಲ, ನಮ್ಮವರೇ. ಆದರೆ ನೂರು ಮನೆಯವರು ತಲಾ ₹500 ಬಾಕಿ ಉಳಿಸಿಕೊಂಡರೆ ₹50,000 ಊರಲ್ಲಿ ಸಿಕ್ಕಿಬಿತ್ತು ಅಂತ ಲೆಕ್ಕ. ಮುದ್ರಾ ಯೋಜನೆಯ ಶಿಶು ಸಾಲದ ಮಿತಿಯೂ ಅಷ್ಟೇ. ನೀನು ಬ್ಯಾಂಕಿಗೆ ಬಡ್ಡಿ ಕಟ್ಟುತ್ತ ಊರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಬಿಡಿಭಾಗದ ದುಡ್ಡನ್ನು ಮೊದಲೇ ಇಸಿದುಕೊ. ಮಾವನಾಗಲಿ ಅತ್ತೆಯಾಗಲಿ, ಬಾಯಿಬಿಟ್ಟು ಕೇಳು. ಕೂಲಿ ಬೇಕಾದರೆ ಬಟವಾಡೆವರೆಗೆ ಕಾಯಲಿ, ತಾಮ್ರದ ತಂತಿ ಕಾಯುವುದಿಲ್ಲ. ರಿಪೇರಿಯಾಗಿಯೂ ಯಾರೂ ಒಯ್ಯದೆ ಉಳಿಯುವ ಸಾಮಾನು ಇನ್ನೊಂದು ಬಗೆಯ ಉದ್ರಿ. ರಿಪೇರಿಗೆ ಇಷ್ಟು ಅಂದಾಗ ‘ಹೊಸದನ್ನೇ ತಂದ್ವಿ, ಅದು ಅಲ್ಲೇ ಇರಲಿ’ ಅನ್ನುತ್ತಾರೆ. ಹಾಕಿದ ಬುಷ್ಷು, ಕಾರ್ಬನ್ನು, ಕಾಯಿಲ್ಲು ಎಲ್ಲ ನಿನ್ನ ತಲೆಗೇ. ಬಿಚ್ಚಿ ನೋಡಿದ ದಿನವೇ ರೇಟು ಹೇಳಿ, ಒಪ್ಪಿಗೆ ಪಡೆದು, ನೋಟ್‌ಬುಕ್ಕಿನಲ್ಲಿ ಬರೆದುಕೊ.

ಇನ್ನು ಟೂಲ್ಸು. ಮಲ್ಟಿಮೀಟರು, ಕ್ಲ್ಯಾಂಪ್ ಮೀಟರು, ಸೋಲ್ಡರಿಂಗ್ ಕಡ್ಡಿ, ಸ್ಪ್ಯಾನರ್ ಸೆಟ್ಟು, ಟೆಸ್ಟಿಂಗ್‌ಗೆ ಒಂದು ಸೀರೀಸ್ ಲ್ಯಾಂಪು, ಮೊದಲಿಗೆ ಇಷ್ಟು ಸಾಕು. ಮೀಟರಿನಲ್ಲಿ ಮಾತ್ರ ಜುಗ್ಗತನ ಬೇಡ, ಅದು ನಿನ್ನ ಜೀವ ಕಾಯುತ್ತದೆ. ಬಿಡಿಭಾಗವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೂಟೆಗಟ್ಟಲೆ ತರಬೇಡ. ಊರಿನ ಅಡುಗೆಮನೆಗಳಲ್ಲಿ ಯಾವ ಯಾವ ಮಿಕ್ಸಿ ಇದೆ ಎಂದು ಮೊದಲು ನೋಡು. ಓಡದ ಮಾಡೆಲ್ಲಿನ ಕಪ್ಲರ್ ತಂದಿಟ್ಟರೆ ಅದು ಡಬ್ಬದಲ್ಲೇ ಉಳಿಯುತ್ತದೆ.

ಫ್ರಿಜ್ ಕೆಲಸವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊ. ವ್ಯಾಕ್ಯೂಮ್ ಪಂಪು, ಗೇಜು, ಬ್ರೇಜಿಂಗ್ ಸೆಟ್ಟು, ಗ್ಯಾಸ್ ಸಿಲಿಂಡರು, ತೂಕದ ಯಂತ್ರ ಎಲ್ಲ ಸೇರಿದರೆ ಮಿಕ್ಸಿ ಅಂಗಡಿಯ ಹಲವು ಪಟ್ಟು ಖರ್ಚು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅಡುಗೆ ಗ್ಯಾಸಿನ ಹಾಗೆಯೇ ಹತ್ತಿಕೊಳ್ಳುವ ಗ್ಯಾಸು. ಹಳೆಯ ಆರ್-134ಎಗೆ ಒಗ್ಗಿದ ಕೈ ಪೈಪು ಖಾಲಿ ಮಾಡದೆ ಬೆಂಕಿ ಹಿಡಿದರೆ ಮುಖವೇ ಸುಟ್ಟೀತು. ಇದನ್ನು ಕಲಿತವರ ಪಕ್ಕದಲ್ಲಿ ಕೂತು ಕಲಿ, ಮೊಬೈಲಿನಲ್ಲಿ ನೋಡಿ ಅಲ್ಲ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಎರಡು ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಶುರು ಮಾಡಿದರು. ಅದೇ ಮಾದರಿಯ ಆರ್‌ಸೆಟಿಗಳು ಈಗ ಜಿಲ್ಲೆಜಿಲ್ಲೆಯಲ್ಲಿವೆ. ಊಟ, ವಸತಿ, ಪಾಠ ಎಲ್ಲ ಉಚಿತ. ಯಾವ ಬ್ಯಾಚಿನಲ್ಲಿ ಈ ಕೆಲಸ ಕಲಿಸುತ್ತಾರೆ ಎಂದು ಮಂಡ್ಯಕ್ಕೆ ಹೋಗಿ ವಿಚಾರಿಸು.

ಸಬ್ಸಿಡಿಯ ಆಸೆಗೆ ಪ್ರಾಜೆಕ್ಟ್ ದೊಡ್ಡದು ಮಾಡಬೇಡ. ಪಿಎಂಇಜಿಪಿ ಸಾಲ ಯೋಜನೆಯ ನಿಯಮದಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ 35 ಸಹಾಯಧನ. ಆದರೆ ಅದು ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. 2023ರ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ನಮ್ಮದು ಇಲ್ಲ, ಆ ಫಾರಂ ತುಂಬಿಸುತ್ತೇನೆಂದು ಯಾರಾದರೂ ಕಾಸು ಕೇಳಿದರೆ ಕೊಡಬೇಡ. ಉದ್ಯಮ್ ನೋಂದಣಿಗೂ ಫೀಸಿಲ್ಲ.

ಮನೆಯ ಮುಂದಿನ ಕೋಣೆಯಲ್ಲೇ ಶುರು ಮಾಡಿದರೆ ಬಾಡಿಗೆ ಉಳಿಯುತ್ತದೆ, ಒಳ್ಳೆಯದೇ. ಆದರೆ ಗೃಹಜ್ಯೋತಿಯ ಮೀಟರಿನಿಂದ ಅಂಗಡಿಗೆ ವೈರು ಎಳೆಯಬೇಡ. ಅದು ಮನೆಬಳಕೆಗೆ ಮಾತ್ರ. ಸೆಸ್ಕ್‌ನಲ್ಲಿ ವಾಣಿಜ್ಯ ಮೀಟರಿಗೆ ಬೇರೆ ಅರ್ಜಿ ಹಾಕಿ, ಠೇವಣಿಯನ್ನೂ ನಿನ್ನ ಪಟ್ಟಿಗೆ ಸೇರಿಸಿಕೊ.

ಕೆಲಸಕ್ಕೆ ಬರ ಬರುವುದಿಲ್ಲ. 1902ರಲ್ಲಿ ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹೊಳೆ ನಮ್ಮದು, ಬೆಳಕು ಬೇರೆಯವರದು. ಈಗ ನಮ್ಮ ಒಂದೊಂದು ಮನೆಯಲ್ಲೂ ಮಿಕ್ಸಿ, ಫ್ಯಾನು, ಮೋಟಾರು ಇದೆ, ಹಟ್ಟಿಯಲ್ಲಿ ಹಾಲು ಕರೆಯುವ ಯಂತ್ರವೂ ಬಂದಿದೆ. ಕೆಟ್ಟರೆ ಮಳವಳ್ಳಿಗೋ ಮದ್ದೂರಿಗೋ ಬಸ್ಸು ಹತ್ತಬೇಕು. ಊರಲ್ಲೇ ಒಬ್ಬ ನಂಬಿಕಸ್ಥ ಕೆಲಸಗಾರ ಇರಲಿ ಎಂಬುದು ನನ್ನ ಬಹುದಿನದ ಆಸೆ. ಆದರೆ ಹೆಸರು ಬೀಳಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕನಿಷ್ಠ ಆರು ತಿಂಗಳ ಮನೆಖರ್ಚು ಬೇರೆ ಎತ್ತಿಟ್ಟುಕೊ, ಅಂಗಡಿಯ ಗಲ್ಲಾದಿಂದ ಅಕ್ಕಿ ತರಬೇಡ.

ಬಂಡವಾಳಕ್ಕೆ ಕುರಿ ಮಾರುತ್ತೇನೆ ಅಂದೆಯಂತೆ. ಬಂಡೂರು ಕುರಿಗೆ ಎಲ್ಲಿ ಹೋದರೂ ಬೆಲೆ ಇದೆ, ನಿಜ. ಗಂಡುಮರಿಗಳನ್ನು ಮಾರು, ನನ್ನ ತಕರಾರಿಲ್ಲ. ಹೆಣ್ಣು ಕುರಿಗಳನ್ನು ಹಟ್ಟಿಯಲ್ಲೇ ಬಿಡು. ಅವ್ವನ ಓಲೆಯನ್ನು ಗಿರವಿಗೆ ಇಡುವ ಮಾತನ್ನಂತೂ ಎತ್ತಲೇಬೇಡ. ಮೊದಲ ವರ್ಷದ ಮಲ್ಟಿಮೀಟರಿಗೂ ತಂತಿಗೂ ಗಂಡುಮರಿಗಳ ದುಡ್ಡು ಸಾಲದೆ ಬಂದರೆ ನನ್ನ ಹತ್ತಿರ ಬಾ.