ಟರ್ಮಿನ್ ಸಿಗಲಿಲ್ಲವೆಂದು ಹಕ್ಕು ಹೋಗುವುದಿಲ್ಲ

ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ವೀಸಾ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: ‘ಟರ್ಮಿನ್ ಸಿಕ್ತಾ?’ ವಿದೇಶಿಯರ ಕಚೇರಿ ಕೊಡುವ ಭೇಟಿಯ ಸಮಯಕ್ಕೆ ಅಲ್ಲಿ ಎಲ್ಲರೂ ಬಳಸುವ ಪದ ಅದು. ನಿವಾಸ ಪರವಾನಗಿ ಮುಗಿಯಲು ಕೆಲವೇ ವಾರ ಉಳಿದಿರುತ್ತದೆ. ಜಾಲತಾಣ ತೆರೆದರೆ ಸಮಯ ಖಾಲಿ ಇಲ್ಲ ಎಂಬ ಉತ್ತರ. ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಪುಟವನ್ನು ರಿಫ್ರೆಶ್ ಮಾಡುವವರಿದ್ದಾರೆ. ದುಡ್ಡು ಕೊಟ್ಟು ಟರ್ಮಿನ್ ಕೊಳ್ಳುವವರೂ ಇದ್ದಾರೆ. ಇಷ್ಟು ಗಾಬರಿಯ ಹಿಂದಿರುವುದು ಒಂದು ತಪ್ಪು ತಿಳಿವಳಿಕೆ: ಟರ್ಮಿನ್ ಸಿಗುವ ಮೊದಲೇ ಕಾರ್ಡಿನ ಅವಧಿ ಮುಗಿದರೆ ವಾಸ ಅಕ್ರಮವಾಗುತ್ತದೆ ಎಂಬುದು. ಜರ್ಮನಿಯ ಕಾನೂನು ಲೆಕ್ಕಕ್ಕೆ ಹಿಡಿಯುವುದು ಅರ್ಜಿ ಸಲ್ಲಿಸಿದ ದಿನವನ್ನು.

ನಿವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪರವಾನಗಿ ಮುಗಿಯುವ ಮೊದಲೇ ವಿಸ್ತರಣೆಗೋ ಬೇರೆ ಬಗೆಯ ಪರವಾನಗಿಗೋ ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಕೊಡುವವರೆಗೆ ಹಳೆಯ ಪರವಾನಗಿ ಮುಂದುವರಿದಂತೆಯೇ ಲೆಕ್ಕ. ಕೆಲಸ ಮಾಡುವ ಹಕ್ಕೂ ಹಳೆಯ ಷರತ್ತುಗಳ ಸಮೇತ ಉಳಿಯುತ್ತದೆ. ಇದು ಅಧಿಕಾರಿ ದಯೆಯಿಂದ ಕೊಡುವ ಸವಲತ್ತಲ್ಲ, ಅರ್ಜಿ ಹಾಕಿದ ಮಾತ್ರಕ್ಕೆ ತಾನಾಗಿ ಹುಟ್ಟುವ ರಕ್ಷಣೆ. ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ರಾಷ್ಟ್ರೀಯ ವೀಸಾದ ಮೇಲೆ ಹೊಸದಾಗಿ ಬಂದವರಿಗೂ ಇದೇ ನಿಯಮ. ಆ ವೀಸಾ ಮುಗಿಯುವುದರೊಳಗೆ ಅರ್ಜಿ ಹೋಗಿರಬೇಕು, ಅಷ್ಟೆ.

ಬಹಳ ಮಂದಿ ಎಡವುವುದು ಅರ್ಜಿಯ ವಿಷಯದಲ್ಲಿ. ‘ದಯವಿಟ್ಟು ಟರ್ಮಿನ್ ಕೊಡಿ’ ಎಂದು ಹತ್ತು ಇಮೇಲ್ ಕಳಿಸಿರುತ್ತಾರೆ. ಅದು ಭೇಟಿಗಾಗಿ ಮಾಡಿದ ವಿನಂತಿ, ವಿಸ್ತರಣೆಯ ಅರ್ಜಿ ಅಲ್ಲವೆಂದು ಕಚೇರಿ ವಾದಿಸಲು ಅವಕಾಶ ಉಳಿಯುತ್ತದೆ. ಆದ್ದರಿಂದ ‘ನನ್ನ ನಿವಾಸ ಪರವಾನಗಿಯನ್ನು ವಿಸ್ತರಿಸುವಂತೆ ಈ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ’ ಎಂಬ ಒಂದು ವಾಕ್ಯ ಇರಲೇಬೇಕು, ಅದೂ ಜರ್ಮನ್ ಭಾಷೆಯಲ್ಲಿ. ಅಲ್ಲಿನ ಆಡಳಿತ ಪ್ರಕ್ರಿಯಾ ಕಾಯ್ದೆಯ 23ನೇ ಕಲಮಿನ ಪ್ರಕಾರ ಕಚೇರಿಯ ಭಾಷೆ ಜರ್ಮನ್. ಇಂಗ್ಲಿಷ್ ಪತ್ರ ಮೂಲೆಗೆ ಬಿದ್ದರೆ ದೂರಿ ಪ್ರಯೋಜನವಿಲ್ಲ. ಜೊತೆಗೆ ಪಾಸ್‌ಪೋರ್ಟ್ ಮತ್ತು ಈಗಿನ ಕಾರ್ಡಿನ ಪ್ರತಿ, ಕೆಲಸದ ಕರಾರು, ಇತ್ತೀಚಿನ ಸಂಬಳದ ಚೀಟಿಗಳು, ಆರೋಗ್ಯ ವಿಮೆಯ ದಾಖಲೆ. ಆನ್‌ಲೈನ್ ಅರ್ಜಿ ಇರುವ ಊರಾದರೆ ಅದರಲ್ಲೇ ಹಾಕಿ, ಕೊನೆಗೆ ಬರುವ ದೃಢೀಕರಣವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಇಲ್ಲವಾದರೆ ರಿಜಿಸ್ಟರ್ಡ್ ಅಂಚೆ. ನಗೆ ಬರಬಹುದು, ಜರ್ಮನಿಯ ಸರ್ಕಾರಿ ಕಚೇರಿಗಳಲ್ಲಿ ಫ್ಯಾಕ್ಸ್ ಇನ್ನೂ ಪೂರ್ತಿ ಸತ್ತಿಲ್ಲ. ಕಳಿಸಿದ್ದಕ್ಕೆ ದಿನಾಂಕ, ಸಮಯ ಸಮೇತ ರಸೀದಿ ಬರುತ್ತದೆ.

ಒಂದು ದಿನ ತಡವಾದರೂ ಚಿತ್ರ ಬದಲಾಗುತ್ತದೆ. ಆಗ ರಕ್ಷಣೆ ತಾನಾಗಿ ಸಿಗುವುದಿಲ್ಲ. ಅನ್ಯಾಯದ ಕಷ್ಟ ತಪ್ಪಿಸಲು ಕಚೇರಿ ಮನಸ್ಸು ಮಾಡಿದರೆ ಮಾತ್ರ ಹಳೆಯ ಪರವಾನಗಿಯನ್ನು ಮುಂದುವರಿಸಬಹುದು. ಪರವಾನಗಿಯಿಲ್ಲದ ವಾಸ ಅಲ್ಲಿ ಅಪರಾಧ. ನಿವಾಸ ಕಾಯ್ದೆಯ 95ನೇ ಕಲಮಿನಲ್ಲಿ ದಂಡಕ್ಕೂ ಒಂದು ವರ್ಷದವರೆಗಿನ ಸಜೆಗೂ ಅವಕಾಶವಿದೆ.

ಅರ್ಜಿ ಹೋದ ಮೇಲೆ ಮನೆಮಾಲೀಕರಿಗೆ, ಕಂಪನಿಯವರಿಗೆ ತೋರಿಸಲು ಏನಾದರೂ ಬೇಕಲ್ಲ? 81ನೇ ಕಲಮಿನ 5ನೇ ಉಪಕಲಮು ಅದಕ್ಕೊಂದು ದೃಢೀಕರಣ ಪತ್ರ ಕೊಡಲೇಬೇಕೆನ್ನುತ್ತದೆ. ಶುಲ್ಕ 13 ಯೂರೊ. ಕೈಗೆ ಬಂದೊಡನೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆಂದು ನೋಡಿ. 81ನೇ ಕಲಮಿನ 4ನೇ ಉಪಕಲಮಿನ ಚೌಕವಾದರೆ ಊರಿಗೆ ಹೋಗಿ ಮರಳಿ ಬರಬಹುದು. 3ನೇ ಉಪಕಲಮಿನದಾದರೆ ಮರುಪ್ರವೇಶಕ್ಕೆ ಅದು ಸಾಲದು. ಸರಿಯಾದ ಪತ್ರವೇ ಇದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿರುವವರು ಅಂಥ ಕಾಗದವನ್ನು ಕಂಡೇ ಇರಲಿಕ್ಕಿಲ್ಲ. ಅವಧಿ ಮುಗಿದ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶದ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

ಬಾಣಂತನಕ್ಕೆಂದು ಬರುವ ಅಪ್ಪ ಅಮ್ಮನ ವಿಷಯವೇ ಬೇರೆ. ಅವರದು ಷೆಂಗೆನ್ ವೀಸಾ, 180 ದಿನಗಳಲ್ಲಿ 90 ದಿನ. ಮೇಲೆ ಹೇಳಿದ ರಕ್ಷಣೆ ಆ ವೀಸಾಕ್ಕೆ ಅನ್ವಯಿಸುವುದಿಲ್ಲ ಎಂದು 81ನೇ ಕಲಮಿನ 4ನೇ ಉಪಕಲಮಿನಲ್ಲೇ ಇದೆ. ‘ಅರ್ಜಿ ಹಾಕಿದ್ದೇವೆ, ಇನ್ನೊಂದು ತಿಂಗಳು ಇರಲಿ’ ಎಂದು ಅವರನ್ನು ಉಳಿಸಿಕೊಳ್ಳಬೇಡಿ.

ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ? ಆಡಳಿತ ನ್ಯಾಯಾಲಯಗಳ ಕಾಯ್ದೆಯ 75ನೇ ಕಲಮಿನಡಿ, ಅರ್ಜಿ ಕೊಟ್ಟು ಮೂರು ತಿಂಗಳಾದರೂ ಸಕಾರಣವಿಲ್ಲದೆ ಸುಮ್ಮನಿರುವ ಕಚೇರಿಯ ಮೇಲೆ ದಾವೆ ಹೂಡಬಹುದು. ನಮ್ಮವರು ಕೋರ್ಟು ಎಂದೊಡನೆ ಹಿಂಜರಿಯುತ್ತಾರೆ, ದಾವೆ ಹಾಕಿದರೆ ಅಧಿಕಾರಿ ಸೇಡು ತೀರಿಸಿಕೊಂಡಾನು ಎಂಬ ಅಂಜಿಕೆ. ಜರ್ಮನಿಯಲ್ಲಿ ಇದು ಮಾಮೂಲಿ ದಾರಿ. ಮೊದಲ ಹಂತದ ಆಡಳಿತ ನ್ಯಾಯಾಲಯದಲ್ಲಿ ವಕೀಲರು ಕಡ್ಡಾಯವಿಲ್ಲ. ಕೋರ್ಟಿನ ಗುಮಾಸ್ತರ ಮುಂದೆ ಹೇಳಿ ಬರೆಸಿಯೂ ದಾವೆ ದಾಖಲಿಸಬಹುದು. ಶುಲ್ಕ ಮುಂಗಡ ಕಟ್ಟಬೇಕು, ಆದರೆ ದಾವೆ ಹೂಡುವ ಮೊದಲೇ ತೀರ್ಮಾನ ಬರುತ್ತದೆಂದು ನಿರೀಕ್ಷಿಸಲು ನಿಮಗೆ ಕಾರಣವಿದ್ದರೆ ಅದೇ ಕಾಯ್ದೆಯ 161ನೇ ಕಲಮಿನ ಪ್ರಕಾರ ಖರ್ಚು ಕಚೇರಿಯ ತಲೆಗೇ ಬರುತ್ತದೆ. ಕೆಲಸ ಹೋಗುವಂಥ ತುರ್ತಿದ್ದರೆ 123ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಬಹುದು.

ಎಲ್ಲಕ್ಕೂ ಪುರಾವೆ ಬೇಕು. ಈ ವಿಷಯದಲ್ಲಿ ಪಕ್ಕದ ಫ್ರಾನ್ಸ್ ಒಳ್ಳೆಯ ಪಾಠ. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಜೂನ್ 10ರ ತೀರ್ಪಿನಲ್ಲಿ, ಒಂದೇ ವಾರಕ್ಕೆ ಸೀಮಿತವಾಗದ ಹಲವು ಪ್ರಯತ್ನಗಳ ನಂತರವೂ ಆನ್‌ಲೈನಿನಲ್ಲಿ ಸಮಯ ಸಿಗಲಿಲ್ಲವೆಂದು ತೋರಿಸಿದವರಿಗೆ ಭೇಟಿಯ ದಿನಾಂಕ ಕೊಡುವಂತೆ ನ್ಯಾಯಾಧೀಶರು ಆದೇಶಿಸಬಹುದು ಎಂದಿತು. ಅಲ್ಲಿಂದಾಚೆಗೆ ದಿನಾಂಕ ಕಾಣುವ ಸ್ಕ್ರೀನ್‌ಶಾಟೇ ಅಲ್ಲಿನ ವಲಸಿಗರ ಮುಖ್ಯ ದಾಖಲೆ. ಜರ್ಮನಿಯಲ್ಲಿ ಇರುವವರೂ ವಾರಕ್ಕೊಂದು ತೆಗೆದಿಡುವುದು ಲೇಸು.

ದಲ್ಲಾಳಿಗೆ ಕೊಡುವ ದುಡ್ಡನ್ನಂತೂ ಉಳಿಸಿಕೊಳ್ಳಿ. ಅವನ ಕೈಗೆ ಹೋಗುವುದು ನಿಮ್ಮ ಹಣ ಮಾತ್ರವಲ್ಲ, ಪಾಸ್‌ಪೋರ್ಟಿನ ವಿವರವೂ ಹೌದು. ಬೇರೆಯವರ ಹೆಸರಿನಲ್ಲಿ ಕಾದಿರಿಸಿದ ಟರ್ಮಿನ್ ಹಿಡಿದು ಹೋದರೆ ಬಾಗಿಲಲ್ಲೇ ವಾಪಸು ಕಳಿಸಬಹುದು. ಕಾರಿಟಾಸ್, ಡಿಯಾಕೊನಿಯಂಥ ಸಂಸ್ಥೆಗಳ ವಲಸಿಗರ ಸಲಹಾ ಕೇಂದ್ರಗಳಲ್ಲಿ ಸಲಹೆಗೆ ದುಡ್ಡು ಕೊಡಬೇಕಿಲ್ಲ.