ಹಿಮದ ಮೇಲಿನ ಜಾರುಹಲಗೆ

ನಾರ್ವೆ ದೇಶದ ಟೆಲಿಮಾರ್ಕ್ ಪ್ರಾಂತದಲ್ಲಿ ಮಾರ್ಗೆಡಾಲ್ ಎಂಬ ಹಳ್ಳಿಯಿದೆ. 1825ರಲ್ಲಿ ಅಲ್ಲಿ ಜನಿಸಿದ ಸೋಂದ್ರೆ ನೂರ್‌ಹೈಮ್ ಬಡ ಗೇಣಿದಾರನಾಗಿದ್ದನು. ಆದರೆ ಹಿಮದ ಇಳಿಜಾರಿನಲ್ಲಿ ಅವನಿಗೆ ಸಮಾನರಿರಲಿಲ್ಲ. ಕಾಲ್ಬೆರಳ ಭಾಗವನ್ನಷ್ಟೇ ಹಿಡಿಯುತ್ತಿದ್ದ ಪಟ್ಟಿಗೆ ಹಿಮ್ಮಡಿಯನ್ನು ಬಳಸಿ ಬರುವ ಕಟ್ಟನ್ನು ಸೇರಿಸಿ, ಹಲಗೆಯ ನಡುವನ್ನು ತುದಿಗಳಿಗಿಂತ ಕಿರಿದುಗೊಳಿಸಿ, ಆತನು ಸ್ಕೀ ಹಲಗೆಗೆ ಹೊಸ ರೂಪ ಕೊಟ್ಟನು. ನಡು ಸಣ್ಣದಾದ ಹಲಗೆಯನ್ನು ಓರೆಯಾಗಿಸಿ ಭಾರ ಹಾಕಿದರೆ ಅದು ಬಿಲ್ಲಿನಂತೆ ಬಾಗುತ್ತದೆ. ಅದರ ಅಂಚು ಹಿಮದಲ್ಲಿ ಕಮಾನು ಕೊರೆಯುತ್ತ ಸವಾರನನ್ನು ತಾನೇ ತಿರುಗಿಸುತ್ತದೆ. 1990ರ ದಶಕದಲ್ಲಿ ಈ ಬಳುಕನ್ನು ಬಹಳವಾಗಿ ಹೆಚ್ಚಿಸಿದ ಹಲಗೆಗಳು ಬಂದವು.

ಅದಕ್ಕೆ ಮುಂಚೆ ಆಲ್ಪ್ಸ್ ಪರ್ವತಗಳಲ್ಲಿ ಸ್ಕೀ ಕಲಿತು, ಸಂಸಾರ ಉದ್ಯೋಗಗಳ ನಡುವೆ ಅದನ್ನು ಕೈಬಿಟ್ಟ ಮಹಿಳೆಯೊಬ್ಬಳು ಮರಳಿ ಹಿಮಕ್ಕಿಳಿಯಲು ಬಯಸಿದಳೆಂದು ಭಾವಿಸೋಣ. ಅಟ್ಟದ ಮೇಲಿನ ಹಳೆಯ ಹಲಗೆಗಳು ಆಕೆಯ ತಲೆಯನ್ನೂ ಮೀರಿ ನಿಲ್ಲುತ್ತವೆ. ಎತ್ತಿದ ಕೈಯ ಮಣಿಕಟ್ಟಿಗೆ ಮುಟ್ಟುವಷ್ಟು ಉದ್ದವಿರಬೇಕೆಂಬುದು ಹಿಂದಿನ ಲೆಕ್ಕ. ಈಗಿನ ಲೆಕ್ಕದಲ್ಲಿ, ಮರಳಿ ಬಂದವಳಿಗೆ ಗಲ್ಲದಿಂದ ಮೂಗಿನವರೆಗಿನ ಉದ್ದ ಸಾಕು. ಪಳಗಿದಂತೆಲ್ಲ ಹಣೆಯವರೆಗೆ ಏರಬಹುದು. ಗಿಡ್ಡ ಹಲಗೆ ಬೇಗ ತಿರುಗುತ್ತದೆ, ಆದರೆ ವೇಗ ಹೆಚ್ಚಿದಾಗ ನಡುಗುತ್ತದೆ. ಹದಮಾಡಿದ ಹಾದಿಗೆ ನಡುವಿನ ಅಗಲ 70ರಿಂದ 80 ಮಿಲಿಮೀಟರು ಇದ್ದರೆ ಅನುಕೂಲ; ಪುಡಿಹಿಮದಲ್ಲಿ ಹೂತುಹೋಗದಿರಲು ಇನ್ನೂ ಅಗಲವಾದುದು ಬೇಕು.

ಉದ್ದಕ್ಕಿಂತಲೂ ಸೂಕ್ಷ್ಮವಾದುದು ಹಲಗೆಯ ಬಿಗುವು. ಹಗುರವಾದ ಮೈಯವಳಿಗೆ ಗಡಸು ಹಲಗೆ ಬಾಗದು, ಬಾಗದಿದ್ದರೆ ತಿರುಗದು. ಆಗ ಹೆದರಿಕೆಯಿಂದ ದೇಹ ಹಿಂದಕ್ಕೆ ವಾಲಿ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ಈ ಕಾರಣದಿಂದಲೇ ಮಹಿಳೆಯರಿಗೆಂದು ಹಗುರವಾದ, ಬೂಟನ್ನು ಹಿಡಿಯುವ ಬೈಂಡಿಂಗ್ ತುಸು ಮುಂದಿರುವ ಹಲಗೆಗಳನ್ನು ಮಾಡುತ್ತಾರೆ. ಅಮೆರಿಕೆಯ ಜೀನಿ ಥೋರೆನ್ ಈ ಮಾರ್ಪಾಟಿಗಾಗಿ ಅನೇಕ ವರ್ಷ ವಾದಿಸಿದವರು. ಹೂಬಳ್ಳಿ ಬರೆದ ಮಾತ್ರಕ್ಕೆ ಹಲಗೆ ಮಹಿಳೆಗೆ ಒಗ್ಗುವುದಿಲ್ಲ, ಬಿಡಿ! ಮೈಕಟ್ಟು ಬಲವಾಗಿದ್ದು ವೇಗವನ್ನು ಪ್ರೀತಿಸುವವಳು ಪುರುಷರ ಹಲಗೆಯನ್ನೇ ಆರಿಸಿದರೆ ತಪ್ಪೇನೂ ಇಲ್ಲ.

ಬೈಂಡಿಂಗಿನ ಬಿಗಿತವನ್ನು ಸವಾರಳ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಪರಿಣತಿ ಇವುಗಳಿಂದ ಅಂಗಡಿಯ ಕುಶಲಿಗಳು ಗೊತ್ತುಮಾಡುತ್ತಾರೆ. ಅಲ್ಲಿ ಜಂಬಕ್ಕೆ ತಾನು ನಿಪುಣಳೆಂದು ಹೇಳಿಕೊಂಡರೆ ಬಿಗಿತ ಮಿತಿಮೀರುತ್ತದೆ. ಬಿದ್ದಾಗ ಕಾಲು ಬಿಡಿಸಿಕೊಳ್ಳದೆ ಮೂಳೆ ಮುರಿಯಬಹುದು. ತೀರ ಸಡಿಲವಾದರೆ ಕಡಿದಾದ ಇಳಿಜಾರಿನಲ್ಲೇ ಹಲಗೆ ಕಳಚೀತು. ಸ್ಕೀ ಆಟದಲ್ಲಿ ಮಂಡಿಯ ಒಳಗಿನ ಅಸ್ಥಿಬಂಧ ಹರಿಯುವುದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಒಳ್ಳೆಯ ಬೈಂಡಿಂಗ್ ಕೂಡ ಅದನ್ನು ಪೂರ್ತಿಯಾಗಿ ತಡೆಯಲಾರದು. ಆದುದರಿಂದ ಹಿಮಕ್ಕಿಳಿಯುವ ಕೆಲವು ವಾರಗಳ ಮೊದಲೇ ತೊಡೆಗಳಿಗೆ ವ್ಯಾಯಾಮ ಬೇಕು. ಅಟ್ಟದ ಮೇಲಿನ ಬೂಟುಗಳ ಪ್ಲಾಸ್ಟಿಕ್ಕೂ ಮುಪ್ಪಿನಿಂದ ಪೆಡಸಾಗಿ ಒಡೆಯುವುದರಿಂದ, ಹಣವಿದ್ದರೆ ಮೊದಲು ಕಾಲಿಗೆ ಸರಿಹೊಂದುವ ಬೂಟನ್ನೇ ಕೊಳ್ಳುವುದು ಲೇಸು.

ಹಲಗೆಯನ್ನು ಕೊಳ್ಳಲು ಅವಸರವಿಲ್ಲ. ಸ್ಕೀ ಊರುಗಳಲ್ಲಿ ಅವು ದಿನಬಾಡಿಗೆಗೆ ದೊರೆಯುತ್ತವೆ. ಬೆಳಗಿನ ಗಟ್ಟಿ ಹಿಮದಲ್ಲಿ ಚೆನ್ನಾಗಿ ಕಚ್ಚಿ ಹಿಡಿದ ಹಲಗೆ, ಮಧ್ಯಾಹ್ನ ಬಿಸಿಲಿಗೆ ಹಿಮ ಮೆತ್ತಗಾದಾಗ ತೊಡಕೆನಿಸಬಹುದು. ಎರಡು ಮೂರು ಬಗೆಯವನ್ನು ಎರಡೂ ಹೊತ್ತಿನಲ್ಲಿ ಮೆಟ್ಟಿ ನೋಡಿದವಳು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳಬಲ್ಲಳು.